ಗೇರ್‌ಬಾಕ್ಸ್ ಮೌಂಟಿಂಗ್: ರಬ್ಬರ್ ಉಳಿಸಿಕೊಳ್ಳಬೇಕೆ, ಪಾಲಿಯುರೆಥೇನ್ ಹಾಕಿಸಬೇಕೆ?

ವೇಗದ ಕಾರು ಇಟ್ಟುಕೊಂಡವರು ಗೇರ್‌ಬಾಕ್ಸನ್ನು ಬಾಡಿಗೆ ಹಿಡಿಸುವ ಹಳೆಯ ರಬ್ಬರ್ ಮೌಂಟಿಂಗ್ ತೆಗೆಸಿ ಪಾಲಿಯುರೆಥೇನ್ (ರಬ್ಬರಿನಂತೆಯೇ ಬಳುಕುವ, ಆದರೆ ಹೆಚ್ಚು ಗಡಸಾದ ಕೃತಕ ವಸ್ತು) ಹಾಕಿಸಿದ ಮೇಲೆ, ಕಾರು ಬಿಗಿಯಾಯಿತು, ಗೇರು ಸಲೀಸಾಗಿ ಬೀಳುತ್ತಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಆ ಸುಧಾರಣೆಯಲ್ಲಿ ಪಾಲಿಯುರೆಥೇನಿನ ಪಾಲೆಷ್ಟು, ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಬಿರುಕು ಬಿಟ್ಟು ಕುಸಿದಿದ್ದ ರಬ್ಬರನ್ನು ತೆಗೆದುಹಾಕಿದ್ದರ ಪಾಲೆಷ್ಟು ಎಂದು ಬಿಡಿಸಿ ನೋಡುವವರು ಕಡಿಮೆ. ಹೋಲಿಕೆ ನ್ಯಾಯವಾಗಿರಬೇಕಾದರೆ ಹೊಸ ಪಾಲಿಯುರೆಥೇನನ್ನು ಹೊಸ ರಬ್ಬರಿನ ಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ನೋಡಿದಾಗ ಉತ್ತರವು ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳ ಮೇಲೆ ನಿಲ್ಲುತ್ತದೆ: ಎಂಜಿನ್ ಉದ್ದಕ್ಕೆ ಕೂತಿದೆಯೋ ಅಡ್ಡಕ್ಕೆ ಕೂತಿದೆಯೋ, ಅದಕ್ಕೆ ಎಷ್ಟು ಸಿಲಿಂಡರ್‌ಗಳಿವೆ, ಮತ್ತು ಗೇರ್ ಲಿವರ್ ಯಾವುದಕ್ಕೆ ಅಂಟಿಕೊಂಡಿದೆ. ಅಮೆರಿಕದ ವಿ8 (ಎಂಟು ಸಿಲಿಂಡರಿನ) ಕಾರಿನವರು ಸಂತೋಷದಿಂದ ಕೊಡುವ ಸಲಹೆ ನಮ್ಮ ಮೂರು ಸಿಲಿಂಡರಿನ ಟರ್ಬೊ ಹ್ಯಾಚ್‌ಬ್ಯಾಕಿಗೆ ಏಕೆ ಹೊಂದುವುದಿಲ್ಲ ಎಂಬುದು ಈ ಮೂರನ್ನು ತಿಳಿದರೆ ಸ್ಪಷ್ಟವಾಗುತ್ತದೆ.

ಮೌಂಟಿಂಗ್ ಮಾಡುವ ಕೆಲಸ

ಮೌಂಟಿಂಗಿಗೆ ಎರಡು ಕೆಲಸಗಳಿವೆ, ಮತ್ತು ಅವು ಒಂದಕ್ಕೊಂದು ವಿರುದ್ಧವಾಗಿವೆ. ಗೇರ್‌ಬಾಕ್ಸನ್ನು ಅದರ ಜಾಗದಲ್ಲಿ ಹಿಡಿದಿಡಬೇಕು, ಅಂದರೆ ಗಟ್ಟಿಯಾಗಿರಬೇಕು. ಎಂಜಿನ್ ಮತ್ತು ಗೇರುಗಳ ಕಂಪನ ಬಾಡಿಗೆ ತಲುಪದಂತೆ ತಡೆಯಬೇಕು, ಅಂದರೆ ಮೆತ್ತಗಿರಬೇಕು. ಕ್ರೈಸ್ಲರ್ ಕಂಪನಿ 1931ರ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ಹೆಸರಿನಲ್ಲಿ ತಂದ ಏರ್ಪಾಡು ಈ ವಿರೋಧವನ್ನು ಬಹಳ ಜಾಣ್ಮೆಯಿಂದ ಬಿಡಿಸಿತ್ತು. ಮುಂದೆ ವಾಟರ್ ಪಂಪಿನ ಕೆಳಗೆ ಎತ್ತರದಲ್ಲಿ ಒಂದು, ಹಿಂದೆ ಗೇರ್‌ಬಾಕ್ಸಿನ ಬಳಿ ತಗ್ಗಿನಲ್ಲಿ ಒಂದು, ಹೀಗೆ ಎರಡು ರಬ್ಬರ್ ಮೌಂಟಿಂಗ್‌ಗಳನ್ನು ಇಟ್ಟು, ಅವೆರಡನ್ನೂ ಕೂಡಿಸುವ ಗೆರೆಯು ಎಂಜಿನ್ನಿನ ಗುರುತ್ವ ಕೇಂದ್ರದ ಮೂಲಕ ಹಾಯುವಂತೆ ಮಾಡಿದ್ದರಿಂದ, ನಾಲ್ಕು ಸಿಲಿಂಡರಿನ ಎಂಜಿನ್ ತನ್ನ ಸಹಜ ಅಕ್ಷದ ಸುತ್ತಲೇ ತೊನೆದಾಡುತ್ತ, ಆ ತೊನೆದಾಟವನ್ನು ಬಾಡಿಗೆ ದಾಟಿಸದೆ ನಡೆಯುತ್ತಿತ್ತು. ಮರುವರ್ಷವೇ ಫ್ರಾನ್ಸಿನ ಸಿಟ್ರೋಯೆನ್ ಅದರ ಪರವಾನಗಿ ಪಡೆಯಿತು. ಮೌಂಟಿಂಗಿನ ವಸ್ತುವಿನಷ್ಟೇ ಅದನ್ನು ಎಲ್ಲಿ ಇಡುತ್ತಾರೆ ಎಂಬುದೂ ಮುಖ್ಯ ಎಂಬ ಆ ಪಾಠ ಇಂದಿಗೂ ಹಳೆಯದಾಗಿಲ್ಲ.

ಹಿಂದಿನ ಚಕ್ರ ತಿರುಗಿಸುವ, ಎಂಜಿನ್ ಉದ್ದಕ್ಕೆ ಕೂತ ಕಾರಿನಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಎರಡು ಬದಿಗೆ ಎರಡು ಮೌಂಟಿಂಗ್‌ಗಳಿದ್ದು, ಗೇರ್‌ಬಾಕ್ಸಿನ ಬಾಲವು ಕ್ರಾಸ್‌ಮೆಂಬರ್ ಎಂಬ ಅಡ್ಡ ತೊಲೆಯ ಮೇಲೆ ಒಂದು ಅಥವಾ ಎರಡು ಮೌಂಟಿಂಗಿನ ಆಧಾರದಲ್ಲಿ ಕೂತಿರುತ್ತದೆ. 1987ರಿಂದ 1992ರವರೆಗಿನ ಫೋರ್ಡ್ ಮಸ್ಟಾಂಗ್ 5.0 ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎಂಜಿನ್ ಕೊಡುತ್ತಿದ್ದ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 407 ನ್ಯೂಟನ್ ಮೀಟರ್, ಟಿ-5 ಗೇರ್‌ಬಾಕ್ಸಿನ ಮೊದಲ ಗೇರಿನ ಅನುಪಾತ 3.35. ಎರಡನ್ನೂ ಗುಣಿಸಿದರೆ, ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಸುಮಾರು 1,360 ನ್ಯೂಟನ್ ಮೀಟರ್ ಬರುತ್ತದೆ, ಮತ್ತು ಅಷ್ಟೇ ಪ್ರಮಾಣದ ತಿರುಚು ಎಂಜಿನ್-ಗೇರ್‌ಬಾಕ್ಸ್ ಜೋಡಿಯನ್ನು ವಿರುದ್ಧ ದಿಕ್ಕಿಗೆ ಹೊರಳಿಸಲು ನೋಡುತ್ತದೆ. ಆ ಹೊರಳನ್ನು ಹೆಚ್ಚಾಗಿ ತಡೆಯುವುದು ಅಗಲವಾಗಿ ಹರಡಿಕೊಂಡಿರುವ ಎಂಜಿನ್ ಮೌಂಟಿಂಗ್‌ಗಳು. ಕಾರಿನ ನಡುಗೆರೆಯ ಮೇಲೆಯೇ ಇರುವ ಗೇರ್‌ಬಾಕ್ಸ್ ಮೌಂಟಿಂಗ್ ಮುಖ್ಯವಾಗಿ ಬಾಲದ ತೂಕವನ್ನು ಹೊರುತ್ತದೆ, ತಿರುವಿನಲ್ಲಿ ಅದು ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳುತ್ತದೆ.

ಮುಂದಿನ ಚಕ್ರ ತಿರುಗಿಸುವ, ಎಂಜಿನ್ ಅಡ್ಡಕ್ಕೆ ಕೂತ ಕಾರಿನ ಲೆಕ್ಕ ಬೇರೆ. ಅಲ್ಲಿ ಎರಡು ಬದಿಯ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲೂ ಗೇರ್‌ಬಾಕ್ಸಿನೊಳಗೇ ಇರುವುದರಿಂದ ಮೌಂಟಿಂಗ್‌ಗಳು ಎದುರಿಸಬೇಕಾದದ್ದು ಆಕ್ಸಲ್ಲಿನ ಪೂರ್ತಿ ಟಾರ್ಕನ್ನು. 2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನ 350 ನ್ಯೂಟನ್ ಮೀಟರಿಗೆ ಮೊದಲ ಗೇರಿನ ಒಟ್ಟು ಅನುಪಾತವನ್ನು 12 ಎಂದು ಇಟ್ಟುಕೊಂಡರೂ 4,200 ನ್ಯೂಟನ್ ಮೀಟರ್ ಆಗುತ್ತದೆ. ಟೈರುಗಳು ಅದಕ್ಕೆ ಮೊದಲೇ ಜಾರುವುದರಿಂದ ಅಷ್ಟೂ ಬಲ ನಿರಂತರವಾಗಿ ಬೀಳುವುದಿಲ್ಲ. ಆದರೆ ಟೈರು ಹಿಡಿದು, ಜಾರಿ, ಮತ್ತೆ ಹಿಡಿಯುವ ಆಟದಲ್ಲಿ ಮುಂಭಾಗವೆಲ್ಲ ಕುಪ್ಪಳಿಸಿದಂತೆ ಆಗುವ ‘ವೀಲ್ ಹಾಪ್’ ಹುಟ್ಟುವುದು ಇಲ್ಲಿಯೇ. ಇಂಥ ಕಾರುಗಳಲ್ಲಿ ತೂಕ ಹೊರುವ ಮೌಂಟಿಂಗ್‌ಗಳು ಮೇಲೆ ಎರಡು ಬದಿಗೆ ಇರುತ್ತವೆ, ಹೊರಳನ್ನು ತಡೆಯುವ ಟಾರ್ಕ್ ರಾಡ್ ಕೆಳಗೆ ಇರುತ್ತದೆ. ಈ ಹಂಚಿಕೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಯಾವ ಮೌಂಟಿಂಗನ್ನು ಮೊದಲು ಬದಲಿಸಬೇಕು ಎಂಬ ತೀರ್ಮಾನ ಇದರಿಂದಲೇ ಹುಟ್ಟುತ್ತದೆ.

ಮಜ್ದಾ ಎಂಎಕ್ಸ್-5 ಕಾರಿನಲ್ಲಿ ಗೇರ್‌ಬಾಕ್ಸಿಗೆ ಪ್ರತ್ಯೇಕ ಮೌಂಟಿಂಗೇ ಇಲ್ಲ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ಲನ್ನು ಒಂದು ಉದ್ದನೆಯ ಚೌಕಟ್ಟು ಬೆಸೆದಿರುತ್ತದೆ. ಆದ್ದರಿಂದ ಭಾಗ ತರಿಸುವ ಮೊದಲು ತಮ್ಮ ಕಾರಿನ ಕೆಳಗೆ ಏನಿದೆ ಎಂದು ಒಮ್ಮೆ ಲಿಫ್ಟ್ ಮೇಲೆ ಹಾಕಿಸಿ ನೋಡುವುದು ಒಳ್ಳೆಯದು.

ಗೇರ್ ಲಿವರ್ ಎಲ್ಲಿದೆ?

ಮ್ಯಾನುಯಲ್ ಗೇರಿನ ಕಾರು ಓಡಿಸುವವರಿಗೆ ಮೌಂಟಿಂಗಿನ ಗಟ್ಟಿತನ ಕೈಗೆ ತಿಳಿಯುವುದು ಲಿವರಿನ ಮೂಲಕ. ಮೇಲೆ ಹೇಳಿದ ಮಸ್ಟಾಂಗಿನಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲೆಯೇ ನಿಂತಿದೆ. ಗೇರ್‌ಬಾಕ್ಸ್ ಅಲುಗಿದರೆ ಲಿವರೂ ಅದರೊಂದಿಗೇ ಅಲುಗುತ್ತದೆ, ಆದರೆ ಲಿವರಿಗೂ ಒಳಗಿನ ಗೇರುಗಳಿಗೂ ಇರುವ ಸಂಬಂಧ ಬದಲಾಗುವುದಿಲ್ಲ. ಇಂಥ ಕಾರಿನಲ್ಲಿ ಗಟ್ಟಿ ಮೌಂಟಿಂಗಿನಿಂದ ಗೇರಿನ ನಿಖರತೆ ಹೆಚ್ಚುತ್ತದೆ ಎಂಬುದರಲ್ಲಿ ಸ್ವಲ್ಪ ಅತಿಶಯವಿದೆ. ಹೆಚ್ಚುವುದು ಲಿವರಿನ ಸ್ಥಿರತೆ ಮಾತ್ರ.

ಬಿಎಂಡಬ್ಲ್ಯು ಇ36 ಮತ್ತು ಇ46 ಕಾರುಗಳಲ್ಲಿ ಹಾಗಲ್ಲ. ಅಲ್ಲಿ ಲಿವರನ್ನು ಹೊತ್ತ ತೋಳಿನ ಮುಂಭಾಗ ಗೇರ್‌ಬಾಕ್ಸಿಗೆ ಅಂಟಿಕೊಂಡಿದ್ದರೆ ಹಿಂಭಾಗ ರಬ್ಬರ್ ಬುಷ್ ಮೂಲಕ ಬಾಡಿಗೆ ಅಂಟಿಕೊಂಡಿದೆ. ಬಾಲದಲ್ಲಿರುವ ಎರಡು ಚಿಕ್ಕ ರಬ್ಬರ್ ಮೌಂಟಿಂಗ್‌ಗಳು ಸವೆದರೆ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಅಥವಾ ವೇಗದ ತಿರುವಿನಲ್ಲಿ, ಬಾಡಿಗೆ ಹೋಲಿಸಿದರೆ ಗೇರ್‌ಬಾಕ್ಸ್ ಪಕ್ಕಕ್ಕೆ ಸರಿದಿರುತ್ತದೆ, ಮತ್ತು ಚಾಲಕನ ಕೈಗೆ ಅಭ್ಯಾಸವಾದ ನಾಲ್ಕನೆಯ ಗೇರಿನ ಜಾಗದಲ್ಲಿ ಎರಡನೆಯದು ಸಿಕ್ಕಿಬಿಡಬಹುದು. ಅಮೆರಿಕದಲ್ಲಿ ಮಾರಾಟವಾದ ಇ36 ಎಂ3 ಕಾರಿನ ಎರಡನೆಯ ಗೇರಿನ ಅನುಪಾತ 2.49, ಮೂರನೆಯದು 1.66. ಮೂರನೆಯ ಗೇರಿನಲ್ಲಿ 6,500 ಆರ್‌ಪಿಎಂ ತಲುಪಿ, ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಚಕ್ರಗಳು ಎಂಜಿನ್ನನ್ನು 9,700 ಆರ್‌ಪಿಎಂ ಕಡೆಗೆ ಎಳೆದೊಯ್ಯುತ್ತವೆ. ಎಂಜಿನ್ನಿನ ಸುತ್ತುಗಳಿಗೆ ಮಿತಿ ಹಾಕುವ ರೆವ್ ಲಿಮಿಟರ್ ಅದನ್ನು ತಡೆಯಲಾರದು, ವಾಲ್ವುಗಳು ಪಿಸ್ಟನ್ನಿಗೆ ತಗುಲುವ ಸಾಧ್ಯತೆ ಇರುತ್ತದೆ. ಟ್ರ್ಯಾಕಿಗೆ ಹೋಗುವ ಇಂಥ ಕಾರಿನಲ್ಲಿ ಮೌಂಟಿಂಗ್ ಗಟ್ಟಿಯಿರಬೇಕು ಎನ್ನುವುದು ಎಂಜಿನ್ ಉಳಿಸಿಕೊಳ್ಳುವ ಪ್ರಶ್ನೆ. ನನ್ನ ಮಟ್ಟಿಗೆ, ಪಾಲಿಯುರೆಥೇನಿನ ಪರವಾಗಿರುವ ಅತ್ಯಂತ ಬಲವಾದ ವಾದ ಇದೇ.

ಅಡ್ಡ ಎಂಜಿನ್ನಿನ ಕಾರುಗಳಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಕೇಬಲ್ಲುಗಳಿರುತ್ತವೆ. ಕೇಬಲ್ ಬಾಗುವುದರಿಂದ ಗೇರ್‌ಬಾಕ್ಸಿನ ಚಲನೆಯ ಬಹುಪಾಲನ್ನು ಅದು ನುಂಗಿಕೊಳ್ಳುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಆಟೊಮ್ಯಾಟಿಕ್ ಮತ್ತು ಡಿಎಸ್‌ಜಿ (ಎರಡು ಕ್ಲಚ್ಚಿನ, ತಾನಾಗಿ ಗೇರ್ ಬದಲಿಸುವ ಗೇರ್‌ಬಾಕ್ಸ್) ಕಾರುಗಳಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಗಟ್ಟಿ ಮೌಂಟಿಂಗಿನ ಲಾಭವೆಂದರೆ ಆಕ್ಸಿಲರೇಟರ್ ಒತ್ತಿದ ಮತ್ತು ಬಿಟ್ಟ ಕ್ಷಣದಲ್ಲಿ ಎಂಜಿನ್ ಹಿಂದೆ ಮುಂದೆ ಓಲಾಡಿ ಕೊಡುವ ಜರ್ಕ್ ಕಡಿಮೆಯಾಗುವುದು.

ಕಂಪನದ ಲೆಕ್ಕ

ಮೌಂಟಿಂಗಿನ ಮೇಲೆ ಕೂತ ಎಂಜಿನ್ನಿಗೆ ತನ್ನದೇ ಆದ ಒಂದು ಸಹಜ ಆವೃತ್ತಿ ಇರುತ್ತದೆ, ಅಂದರೆ ಒಮ್ಮೆ ತಳ್ಳಿ ಬಿಟ್ಟರೆ ಅದು ಸೆಕೆಂಡಿಗೆ ಇಂತಿಷ್ಟು ಬಾರಿ (ಹರ್ಟ್ಜ್) ತೊನೆಯುತ್ತದೆ. ಎಂಜಿನ್ನಿನ ಕಂಪನವು ಆ ಆವೃತ್ತಿಯ 1.41 ಪಟ್ಟಿಗಿಂತ ಮೇಲಿದ್ದರೆ ಮಾತ್ರ ಮೌಂಟಿಂಗ್ ಅದನ್ನು ತಡೆಯುತ್ತದೆ. ಕೆಳಗಿದ್ದರೆ ತಡೆಯುವ ಬದಲು ಹಿಗ್ಗಿಸಿ ಬಾಡಿಗೆ ದಾಟಿಸುತ್ತದೆ. ಮೌಂಟಿಂಗಿನ ಬಿರುಸು (ಒತ್ತಿದರೆ ಬಗ್ಗದೆ ನಿಲ್ಲುವ ಗುಣ) ಎಷ್ಟು ಪಟ್ಟು ಹೆಚ್ಚುತ್ತದೆಯೋ ಅದರ ವರ್ಗಮೂಲದಷ್ಟು ಪಟ್ಟು ಸಹಜ ಆವೃತ್ತಿಯೂ ಮೇಲೇರುತ್ತದೆ. ಈ ಎರಡು ಮಾತುಗಳಿಂದಲೇ ಬಹಳಷ್ಟನ್ನು ಲೆಕ್ಕಹಾಕಬಹುದು.

ಕಂಪನಿಯ ರಬ್ಬರಿನ ಗಡಸುತನ ಶೋರ್ ಎ ಮಾಪನದಲ್ಲಿ 55 ಇದ್ದು, ಅದೇ ಆಕಾರದ ಪಾಲಿಯುರೆಥೇನಿನದು 80 ಇದೆ ಎಂದುಕೊಂಡರೆ, ಬಿರುಸು ಸುಮಾರು ಮೂರು ಪಟ್ಟಾಗುತ್ತದೆ. ಸಹಜ ಆವೃತ್ತಿ ಮೊದಲು 10 ಹರ್ಟ್ಜ್ ಇತ್ತು ಎಂದಿಟ್ಟುಕೊಂಡರೆ, ಎಲ್ಲ ಮೌಂಟಿಂಗ್‌ಗಳನ್ನೂ ಬದಲಿಸಿದಾಗ ಅದು ಸುಮಾರು 17 ಹರ್ಟ್ಜ್‌ಗೆ ಏರುತ್ತದೆ, ತಡೆಯುವಿಕೆ ಆರಂಭವಾಗುವ ಗೆರೆ 14ರಿಂದ ಸುಮಾರು 24.5 ಹರ್ಟ್ಜ್‌ಗೆ ಹೋಗುತ್ತದೆ. ಈಗ ಮೂರು ಎಂಜಿನ್‌ಗಳನ್ನು ಐಡ್ಲಿಂಗಿನಲ್ಲಿ ನಿಲ್ಲಿಸಿ ನೋಡೋಣ. ವಿ8 ಎಂಜಿನ್ ಒಂದು ಸುತ್ತಿಗೆ ನಾಲ್ಕು ಬಾರಿ ಉರಿಯುತ್ತದೆ. 700 ಆರ್‌ಪಿಎಂನಲ್ಲಿ ಅದರ ಕಂಪನ ಸುಮಾರು 47 ಹರ್ಟ್ಜ್, ಅಂದರೆ ಪಾಲಿಯುರೆಥೇನ್ ಹಾಕಿದ ಮೇಲೂ ಗೆರೆಗಿಂತ ಬಹಳ ಮೇಲೆ. ನಾಲ್ಕು ಸಿಲಿಂಡರಿನದು 750 ಆರ್‌ಪಿಎಂನಲ್ಲಿ 25 ಹರ್ಟ್ಜ್, ಸರಿಯಾಗಿ ಗೆರೆಯ ಮೇಲೆಯೇ. ಮೂರು ಸಿಲಿಂಡರಿನದು 800 ಆರ್‌ಪಿಎಂನಲ್ಲಿ 20 ಹರ್ಟ್ಜ್, ಅಂದರೆ ಕಂಪನವು ಸಹಜ ಆವೃತ್ತಿಗೆ ಕೂಡಿಕೊಂಡು ಹಿಗ್ಗುವ ಅನುರಣನದ ಹತ್ತಿರ. ಮೊದಲನೆಯವನಿಗೆ ಸೀಟಿನಲ್ಲಿ ಸಣ್ಣ ಗುಂಯ್‌ಗುಡುವಿಕೆ ಮಾತ್ರ ತಿಳಿಯುತ್ತದೆ. ಎರಡನೆಯವನಿಗೆ ಎಸಿ ಹಾಕಿದಾಗ ಸ್ಟಿಯರಿಂಗ್ ನಡುಗುತ್ತದೆ. ಮೂರನೆಯವನಿಗೆ ಡ್ಯಾಶ್‌ಬೋರ್ಡೂ ಕನ್ನಡಿಗಳೂ ಅದುರುತ್ತವೆ. ಮೂವರೂ ಕೊಂಡ ವಸ್ತು ಒಂದೇ. 3,000 ಆರ್‌ಪಿಎಂ ದಾಟಿದ ಮೇಲೆ ನಾಲ್ಕು ಸಿಲಿಂಡರಿನ ಕಂಪನ 100 ಹರ್ಟ್ಜ್ ಆಗುವುದರಿಂದ ಈ ತೊಂದರೆ ತಗ್ಗುತ್ತದೆ. ಹೆದ್ದಾರಿಯಲ್ಲಿ ಹಿತವೆನಿಸಿದ ಕಾರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಲ್ಲು ಕಡಿಸುವುದು ಇದರಿಂದಲೇ. ಬೆಂಗಳೂರಿನ ದಟ್ಟಣೆಯಲ್ಲಿ ದಿನವೂ ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಕೂರುವವರು ಈ ಲೆಕ್ಕವನ್ನು ಹಗುರವಾಗಿ ಕಾಣಬಾರದು.

ಆವೃತ್ತಿಯ ಈ ಲೆಕ್ಕ ಎಲ್ಲ ಮೌಂಟಿಂಗ್‌ಗಳನ್ನೂ ಬದಲಿಸಿದಾಗಿನದು. ಒಂದನ್ನೇ ಬದಲಿಸಿದರೆ ಒಟ್ಟು ಬಿರುಸು ಅಷ್ಟು ಏರುವುದಿಲ್ಲ. ಉದ್ದ ಎಂಜಿನ್ನಿನ ಕಾರಿನಲ್ಲಿ ಬಾಲದ ಗೇರ್‌ಬಾಕ್ಸ್ ಮೌಂಟಿಂಗ್ ಒಂದನ್ನೇ ಪಾಲಿಯುರೆಥೇನ್ ಮಾಡಿದಾಗ ಐಡ್ಲಿಂಗಿನ ನಡುಕ ಸ್ವಲ್ಪವೇ ಹೆಚ್ಚಿ, ಅದರ ಬದಲು ಗೇರುಗಳ ಕೊರಗು ಸದ್ದು ನೆಲದ ಮೂಲಕ ಕೇಳಿಸತೊಡಗುವುದು ಸಾಮಾನ್ಯ. ಅಡ್ಡ ಎಂಜಿನ್ನಿನ ಕಾರಿನಲ್ಲಿ ತೂಕ ಹೊರುವ ಪಕ್ಕದ ಗೇರ್‌ಬಾಕ್ಸ್ ಮೌಂಟಿಂಗನ್ನು ಬದಲಿಸಿದರೆ ಮಾತ್ರ ನಡುಕ ಪೂರ್ತಿಯಾಗಿ ಒಳಗೆ ಬರುತ್ತದೆ. ಕೆಳಗಿನ ಟಾರ್ಕ್ ರಾಡ್ ನಿಂತ ಕಾರಿನಲ್ಲಿ ಹೆಚ್ಚು ತೂಕ ಹೊರುವುದಿಲ್ಲವಾದ್ದರಿಂದ, ಅದರ ಬುಷ್ ಒಂದನ್ನೇ ಗಟ್ಟಿ ಮಾಡುವುದು ಕಡಿಮೆ ಕಷ್ಟಕ್ಕೆ ಹೆಚ್ಚು ಫಲ ಕೊಡುವ ದಾರಿ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಕಾರು ಇದಕ್ಕೆ ಅಪವಾದ: ಬ್ರೇಕ್ ಹಿಡಿದು ‘ಡಿ’ಯಲ್ಲಿ ನಿಂತಾಗ ಕಾರು ಮುಂದೆ ತೆವಳಲು ನೋಡುವ ಬಲ ಟಾರ್ಕ್ ರಾಡಿನ ಮೇಲೆಯೇ ಬೀಳುವುದರಿಂದ ಅಲ್ಲಿ ನಡುಕ ಹೆಚ್ಚಾಗಿಯೇ ತಿಳಿಯುತ್ತದೆ.

ವಸ್ತುಗಳ ಗುಣ, ವಸ್ತುಗಳ ಆಯುಸ್ಸು

ನೈಸರ್ಗಿಕ ರಬ್ಬರಿಗೆ ಒಂದು ವಿಶೇಷ ಶಕ್ತಿಯಿದೆ. ಎಳೆದಾಗ ಅದರ ಅಣುಸರಪಳಿಗಳು ಸಾಲಾಗಿ ನಿಂತು ಹರಳುಗಟ್ಟುತ್ತವೆ, ಹಾಗಾಗಿ ಒಂದು ಬಿರುಕಿನ ತುದಿ ಮುಂದಕ್ಕೆ ಹರಿಯಲು ಹೋದಾಗ ಅಲ್ಲಿಯೇ ವಸ್ತು ಗಟ್ಟಿಯಾಗಿ ಅದನ್ನು ತಡೆಯುತ್ತದೆ. ಕೋಟಿಗಟ್ಟಲೆ ಬಾರಿ ಎಳೆತ-ಒತ್ತಡ ತಾಳಬೇಕಾದ ಮೌಂಟಿಂಗ್‌ಗಳಿಗೆ ಕಾರು ಕಂಪನಿಗಳು ಇಂದಿಗೂ ಅದನ್ನೇ ಹೆಚ್ಚಾಗಿ ನಂಬಲು ಇದೂ ಒಂದು ಕಾರಣ. ಅದರ ಶತ್ರುಗಳು ಎಣ್ಣೆ, ಓಜೋನ್ ಮತ್ತು ಬಿಸಿ. ಗೇರ್‌ಬಾಕ್ಸಿನ ಸೀಲ್ ಸೋರಿ ಎಣ್ಣೆ ಮೌಂಟಿಂಗಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗಿ ಕೊನೆಗೆ ಲೋಹದಿಂದ ಕಳಚಿಕೊಳ್ಳುತ್ತದೆ. ಸೋರಿಕೆ ಸರಿಪಡಿಸದೆ ಹೊಸ ರಬ್ಬರ್ ಹಾಕಿಸುವುದು ದುಡ್ಡು ದಂಡ.

ಕಳಚಿಕೊಳ್ಳುವ ಅಪಾಯ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. 1971ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಸುಮಾರು 67 ಲಕ್ಷ ಷೆವರ್ಲೆ ವಾಹನಗಳನ್ನು ಹಿಂದಕ್ಕೆ ಕರೆಸಿತು. ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದು ಎಂಜಿನ್ ಮೇಲೆದ್ದು ಥ್ರಾಟಲ್ ತಾನಾಗಿ ತೆರೆದುಕೊಳ್ಳಬಹುದಾಗಿತ್ತು; ಎಂಜಿನ್ ಎದ್ದೇಳದಂತೆ ಉಕ್ಕಿನ ಕೇಬಲ್ ಬಿಗಿದು ಕೊಡುವುದು ಅಂದಿನ ಪರಿಹಾರವಾಗಿತ್ತು. ರಬ್ಬರ್ ಹೋದರೂ ಎರಡು ಲೋಹದ ಭಾಗಗಳು ಒಂದನ್ನೊಂದು ಕೊಕ್ಕೆಯಂತೆ ಹಿಡಿದುಕೊಳ್ಳುವ ವಿನ್ಯಾಸದ ಮೌಂಟಿಂಗ್ ಸಿಗುವುದಾದರೆ, ರಬ್ಬರಾಗಲಿ ಪಾಲಿಯುರೆಥೇನಾಗಲಿ, ಅದನ್ನೇ ಆರಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪಾಲಿಯುರೆಥೇನ್ 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಸಂಗಡಿಗರ ಕೆಲಸದಿಂದ ಹುಟ್ಟಿದ ವಸ್ತು. ಎಣ್ಣೆಗೆ ಮತ್ತು ಸವೆತಕ್ಕೆ ಅದು ರಬ್ಬರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಹೊರೆಯಡಿಯಲ್ಲಿ ಬೇಗ ಕುಸಿಯುವುದಿಲ್ಲ. ಆದರೆ ಅದು ಎಂದೆಂದಿಗೂ ಬಾಳುತ್ತದೆ ಎಂಬ ನಂಬಿಕೆ ಸರಿಯಲ್ಲ. ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಂತೆ ಸಾಮಾನ್ಯ ದರ್ಜೆಯದು ಮೆತ್ತಗಾಗತೊಡಗುತ್ತದೆ. ಟರ್ಬೊದಿಂದ ಇಳಿಯುವ ಎಕ್ಸಾಸ್ಟ್ ಪೈಪು ಪಕ್ಕದಲ್ಲೇ ಹಾದುಹೋಗುತ್ತಿದ್ದರೆ ಹೀಟ್ ಶೀಲ್ಡ್ ಇರಲೇಬೇಕು. ಇನ್ನೊಂದು ಸಂಗತಿಯನ್ನು ಕರಾವಳಿ ಮತ್ತು ಮಲೆನಾಡಿನವರು ಗಮನಿಸಬೇಕು. ಪಾಲಿಯುರೆಥೇನಿನಲ್ಲಿ ಪಾಲಿಎಸ್ಟರ್ ಮೂಲದ್ದು, ಪಾಲಿಈಥರ್ ಮೂಲದ್ದು ಎಂದು ಎರಡು ಬಗೆಗಳಿವೆ. ಬಿಸಿ ಮತ್ತು ತೇವ ಒಟ್ಟಿಗೆ ಸೇರಿದಲ್ಲಿ ಪಾಲಿಎಸ್ಟರ್ ಮೂಲದ್ದರ ಸರಪಳಿಗಳನ್ನು ನೀರು ಕತ್ತರಿಸುತ್ತ ಹೋಗುತ್ತದೆ, ವಸ್ತು ಪುಡಿಯಾಗುವ ಮಟ್ಟಕ್ಕೂ ಬರಬಹುದು. ಪಾಲಿಈಥರ್ ಮೂಲದ್ದು ಇದನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಮಾರುವವರು ಯಾವ ಬಗೆ ಎಂದು ಹೇಳಲಾರದೆ ಹೋದರೆ, ಬಣ್ಣ ಎಷ್ಟೇ ಚೆಂದವಿದ್ದರೂ ಆ ಭಾಗವನ್ನು ನಾಲ್ಕು ತಿಂಗಳ ಮಳೆಗಾಲದ ಊರಿನಲ್ಲಿ ಹಾಕಿಸಲು ನಾನು ಒಪ್ಪುವುದಿಲ್ಲ.

ನಡುವಿನ ದಾರಿಗಳು

ಆಯ್ಕೆ ಎರಡೇ ಎಂದು ತಿಳಿಯಬೇಕಾಗಿಲ್ಲ. ಕಂಪನಿಯ ಎಷ್ಟೋ ರಬ್ಬರ್ ಬುಷ್‌ಗಳಲ್ಲಿ ಬೇಕೆಂದೇ ಖಾಲಿ ಜಾಗಗಳನ್ನು ಬಿಟ್ಟಿರುತ್ತಾರೆ. ಸಣ್ಣ ಕಂಪನಕ್ಕೆ ಅವು ಮೆತ್ತಗೆ ಉಳಿದು, ದೊಡ್ಡ ಹೊರಳಿನಲ್ಲಿ ಮುಚ್ಚಿಕೊಂಡು ಗಟ್ಟಿಯಾಗುತ್ತವೆ. ಆ ಖಾಲಿ ಜಾಗಕ್ಕೆ ಕೂರುವ ಪಾಲಿಯುರೆಥೇನ್ ತುಂಡುಗಳು ಪ್ರತ್ಯೇಕವಾಗಿ ಸಿಗುತ್ತವೆ. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳ ಟಾರ್ಕ್ ರಾಡಿಗೆ ಇವನ್ನು ಹಾಕುವ ರೂಢಿ ಬಹಳವಿದೆ. ಹಿಡಿಸದಿದ್ದರೆ ತೆಗೆದುಹಾಕಿ ಮೊದಲಿನಂತೆ ಮಾಡಬಹುದು ಎಂಬುದೇ ಇದರ ದೊಡ್ಡ ಗುಣ. ರಬ್ಬರ್ ಆಗಲೇ ಹರಿದಿದ್ದರೆ ಮಾತ್ರ ತುಂಡು ತುರುಕಿ ಪ್ರಯೋಜನವಿಲ್ಲ.

ಎರಡನೆಯ ದಾರಿ ಗಡಸು ರಬ್ಬರ್. ಸುಬಾರು ಇಂಪ್ರೆಜಾ ಕಾರಿಗೆ ಆ ಕಂಪನಿಯ ಸ್ಪರ್ಧಾ ವಿಭಾಗವಾದ ಎಸ್‌ಟಿಐ ಒದಗಿಸಿದ ‘ಗ್ರೂಪ್ ಎನ್’ ಮೌಂಟಿಂಗ್‌ಗಳು ಇದಕ್ಕೆ ಹೆಸರಾದ ಉದಾಹರಣೆ: ರ‍್ಯಾಲಿಗಾಗಿ ಮಾಡಿದ, ಕಂಪನಿಯ ಆಕಾರದ್ದೇ ಆದ, ಆದರೆ ಹೆಚ್ಚು ಗಡಸಾದ ರಬ್ಬರಿನವು. ದಿನದ ಓಡಾಟಕ್ಕೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಒಂದೇ ಕಾರು ಬಳಸುವವರಿಗೆ, ತಮ್ಮ ಕಾರಿಗೆ ಇಂಥದ್ದು ಸಿಗುವುದಾದರೆ, ಪಾಲಿಯುರೆಥೇನಿಗಿಂತ ಮೊದಲು ಇದನ್ನೇ ನಾನು ಸೂಚಿಸುವೆ. ಎಣ್ಣೆ ತುಂಬಿದ ಹೈಡ್ರಾಲಿಕ್ ಮೌಂಟಿಂಗ್ ಇರುವ ಕಾರಿನಲ್ಲಿ ಪಾಲಿಯುರೆಥೇನ್ ಹಾಕಿದಾಗ ವ್ಯತ್ಯಾಸ ಇನ್ನೂ ತೀವ್ರವಾಗಿ ತಿಳಿಯುತ್ತದೆ ಎಂಬುದನ್ನೂ ಮರೆಯಬಾರದು.

ಲೋಹದಿಂದಲೇ ಮಾಡಿದ ಮೌಂಟಿಂಗ್‌ಗಳು ರೇಸಿಗೆ ಮಾತ್ರ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಲೋಹದಿಂದ ಬಿಗಿದರೆ, ಚಾಸಿ ತಿರುಚಿಕೊಂಡಾಗಲೆಲ್ಲ ಆ ತಿರುಚು ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚದ ಮೇಲೆ ಬಿದ್ದು ಅದು ಸೀಳಬಹುದು. ಡ್ರ್ಯಾಗ್ ರೇಸಿನವರು ಮುಂದೆ ಲೋಹದ ಎಂಜಿನ್ ಮೌಂಟಿಂಗ್ ಹಾಕಿದರೂ ಬಾಲದಲ್ಲಿ ರಬ್ಬರ್ ಅಥವಾ ಪಾಲಿಯುರೆಥೇನ್ ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ. ತಿರುಗಾಮುರುಗಾ ಮಾಡಿ, ಎಂಜಿನ್ ಮೌಂಟಿಂಗ್‌ಗಳು ಸವೆದು ಮೆತ್ತಗಿರುವಾಗ ಬಾಲವನ್ನು ಮಾತ್ರ ಅತಿ ಗಟ್ಟಿಯಾಗಿ ಹಿಡಿಸುವುದೂ ಕವಚಕ್ಕೆ ಕೇಡು. ಮುಂದಿನವು ಸರಿಯಿವೆ ಎಂದು ಖಚಿತಪಡಿಸಿಕೊಂಡೇ ಹಿಂದಿನದಕ್ಕೆ ಕೈ ಹಾಕಬೇಕು.

ಯಾರಿಗೆ ಯಾವುದು

ಮೂರು ಸಿಲಿಂಡರಿನ ಟರ್ಬೊ ಕಾರನ್ನು ಊರೊಳಗೆ ಓಡಿಸುವವರು ತೂಕ ಹೊರುವ ಮೌಂಟಿಂಗ್‌ಗಳನ್ನು ಕಂಪನಿಯ ರಬ್ಬರಿನಲ್ಲೇ ಇಟ್ಟು, ರೀಮ್ಯಾಪ್ ಮಾಡಿಸಿ (ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಗಳನ್ನು ಬದಲಿಸಿ) ಟಾರ್ಕ್ ಹೆಚ್ಚಿಸಿದ್ದರೆ ಟಾರ್ಕ್ ರಾಡಿಗೆ 70ರ ಆಸುಪಾಸಿನ ಗಡಸುತನದ ತುಂಡು ಹಾಕಿಸಿದರೆ ಸಾಕು. ಪೋಲೊ ಜಿಟಿ ಟಿಎಸ್‌ಐಯ ಹಳೆಯ 1.2 ಲೀಟರಿನದು ಅಥವಾ ಆಕ್ಟೇವಿಯಾ ಆರ್‌ಎಸ್‌ನಂಥ ನಾಲ್ಕು ಸಿಲಿಂಡರಿನ ಕಾರಾದರೆ ಟಾರ್ಕ್ ರಾಡಿನ ಬುಷ್ ಪೂರ್ತಿ ಪಾಲಿಯುರೆಥೇನ್ ಆಗಬಹುದು. ಪಕ್ಕದ ಗೇರ್‌ಬಾಕ್ಸ್ ಮೌಂಟಿಂಗನ್ನು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ನಿಯಮಿತವಾಗಿ ಹೋಗುವವರು ಮಾತ್ರ ಯೋಚಿಸಲಿ. ಉದ್ದ ಎಂಜಿನ್ನಿನ ಆರು ಅಥವಾ ಎಂಟು ಸಿಲಿಂಡರಿನ ಮ್ಯಾನುಯಲ್ ಕಾರಿನವರು ಬಾಲದ ಮೌಂಟಿಂಗಿಗೆ 80ರ ಗಡಸುತನದ ಪಾಲಿಯುರೆಥೇನನ್ನು ಹೆಚ್ಚು ಅನುಮಾನವಿಲ್ಲದೆ ಹಾಕಿಸಬಹುದು, ಲಿವರ್ ಬಾಡಿಗೆ ಅಂಟಿಕೊಂಡ ಕಾರಿನಲ್ಲಂತೂ ಅದರ ಲಾಭ ಕೈಗೆ ಸಿಗುತ್ತದೆ. 95ರ ಗಡಸುತನದ್ದು ರಸ್ತೆಯ ಕಾರಿಗೆ ಬೇಡ.

ಹಾಕಿಸುವಾಗ ಗೇರ್‌ಬಾಕ್ಸಿನ ಕೆಳಗೆ ಮರದ ಹಲಗೆಯಿಟ್ಟು ಜ್ಯಾಕ್ ಕೊಡಬೇಕು. ಬರಿ ಜ್ಯಾಕಿನ ತುದಿ ತಾಗಿದರೆ ತಳದ ಎಣ್ಣೆ ಸಂಪು ಒಡೆಯಬಹುದು. ಬೋಲ್ಟುಗಳನ್ನೆಲ್ಲ ಕೈಯಲ್ಲಿ ಹಿಡಿಸಿ, ಜ್ಯಾಕ್ ಇಳಿಸಿ, ತೂಕ ತಾನಾಗಿ ಕೂತ ಮೇಲೆ ಸರ್ವಿಸ್ ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕೆಂದು ಕಂಪನಿ ಹೇಳುವ ಬೋಲ್ಟುಗಳಿರುತ್ತವೆ, ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ಇವು ಸಾಮಾನ್ಯ. ಅವುಗಳಲ್ಲಿ ಉಳಿತಾಯ ಮಾಡಬಾರದು. ಪಾಲಿಯುರೆಥೇನ್ ರಬ್ಬರಿನಂತೆ ಕುಸಿದು ಕೂರುವುದಿಲ್ಲವಾದ್ದರಿಂದ ಗೇರ್‌ಬಾಕ್ಸಿನ ಬಾಲ ಕೆಲವು ಮಿಲಿಮೀಟರ್ ಎತ್ತರದಲ್ಲಿ ನಿಲ್ಲಬಹುದು. ಆಗ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ, ವೇಗದಲ್ಲಿ ಬೇರೆಯದೇ ಒಂದು ಅದುರು ಹುಟ್ಟಿಕೊಳ್ಳುತ್ತದೆ. ಅದನ್ನು ಪಾಲಿಯುರೆಥೇನಿನ ಸಹಜ ನಡುಕವೆಂದು ತಿಳಿದು ಸಹಿಸಿಕೊಂಡು ಓಡಿಸಿದರೆ ಶಾಫ್ಟಿನ ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟುಗಳು ಸವೆಯುತ್ತವೆ. ವೇಗದೊಂದಿಗೆ ಏರುವ ಅದುರು ಶಾಫ್ಟಿನದು, ಎಂಜಿನ್ನಿನ ಆರ್‌ಪಿಎಂನೊಂದಿಗೆ ಏರಿಳಿಯುವುದು ಮೌಂಟಿಂಗಿನದು. ಕಾರು ಉರುಳುತ್ತಿರುವಾಗ ಕ್ಲಚ್ ಒತ್ತಿ ಐಡ್ಲಿಂಗಿಗೆ ಬಿಟ್ಟು ನೋಡಿದರೆ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಗೊತ್ತಾಗುತ್ತದೆ. ಎಕ್ಸಾಸ್ಟ್ ಪೈಪು ಕ್ರಾಸ್‌ಮೆಂಬರಿಗೆ ತಗುಲುತ್ತಿಲ್ಲವೆಂದು ಅದೇ ಲಿಫ್ಟಿನ ಮೇಲೆ ನೋಡಿಕೊಂಡು, ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಬೇಕು.